ಸರ್ಕಾರಿ ಜೀಪಿನ ಡೀಸೆಲ್ ಲೆಕ್ಕ: ಮಾಹಿತಿ ಹಕ್ಕಿನಲ್ಲಿ ಏನು ಕೇಳಬೇಕು, ಎಷ್ಟು ಕೇಳಬೇಕು?

ಪ್ರಶ್ನೆ: ನಮ್ಮ ತಾಲ್ಲೂಕಿನ ಒಂದು ಸರ್ಕಾರಿ ಕಚೇರಿಯ ಜೀಪು ಭಾನುವಾರವೂ ಓಡಾಡುತ್ತಿರುತ್ತದೆ. ಮದುವೆ ಛತ್ರದ ಮುಂದೆ, ಸ್ಕೂಲ್ ಗೇಟಿನ ಹತ್ತಿರ ಎಲ್ಲರೂ ನೋಡಿದ್ದಾರೆ. ಮಾಹಿತಿ ಹಕ್ಕಿನಲ್ಲಿ "ಕಳೆದ 5 ವರ್ಷ ನಿಮ್ಮ ಕಚೇರಿಯ ಎಲ್ಲ ವಾಹನಗಳಿಗೆ ಆದ ಎಲ್ಲ ಖರ್ಚಿನ ಸಂಪೂರ್ಣ ವಿವರ ಕೊಡಿ, ಖಾಸಗಿ ಕೆಲಸಕ್ಕೆ ಬಳಸಿದ್ದು ಯಾಕೆ ತಿಳಿಸಿ" ಎಂದು ಕೇಳಿದೆ. "ಕೋರಿರುವ ಮಾಹಿತಿ ಮೂರನೇ ವ್ಯಕ್ತಿಗೆ ಸಂಬಂಧಿಸಿದ್ದು, ಅಲ್ಲದೆ ಅಗಾಧವಾಗಿರುವುದರಿಂದ ನೀಡಲು ಬರುವುದಿಲ್ಲ" ಎಂದು ಹಿಂಬರಹ ಬಂದು 12 ದಿನ ಆಯಿತು. ಈಗ ಏನು ಮಾಡಲಿ? ಮಂತ್ರಿಗಳ ಕಾರಿನ ಲೆಕ್ಕವನ್ನೂ ಹೀಗೇ ಕೇಳಬಹುದಾ?

ಉತ್ತರ: ನಿಮಗೆ ಕೊಟ್ಟ ಹಿಂಬರಹ ತಪ್ಪು. ಹಾಗಂತ ನಿಮ್ಮ ಅರ್ಜಿಯೂ ಚೆನ್ನಾಗಿರಲಿಲ್ಲ. ಅವರು ಎಲ್ಲವನ್ನೂ ಕೊಟ್ಟಿದ್ದರೂ ನಿಮಗೆ ಹೆಚ್ಚೇನೂ ತಿಳಿಯುತ್ತಿರಲಿಲ್ಲ. "ಐದು ವರ್ಷದಲ್ಲಿ ಇಂಧನಕ್ಕೆ ಇಷ್ಟು ಲಕ್ಷ, ದುರಸ್ತಿಗೆ ಇಷ್ಟು ಲಕ್ಷ" ಎಂಬ ಒಂದು ಹಾಳೆ ಬರುತ್ತಿತ್ತು. ಆ ಮೊತ್ತ ನೋಡಿ ಜಾಸ್ತಿನಾ ಕಡಿಮೆನಾ ಅಂತ ಹೇಗೆ ಹೇಳುತ್ತೀರಿ? ಮೊತ್ತವನ್ನು ಆಡಿಟ್‌ನವರು ಪ್ರತಿ ಸಲ ನೋಡುತ್ತಾರೆ, ಅದು ಯಾವಾಗಲೂ ಕೂಡಿಯೇ ಇರುತ್ತದೆ. ವಾಹನದ ಖರ್ಚಿನಲ್ಲಿ ಗೋಲ್‌ಮಾಲ್ ಆಗಿದ್ದರೆ ಗೊತ್ತಾಗುವುದು ಒಂದೇ ದಾರಿಯಲ್ಲಿ. ಒಂದು ಗಾಡಿ, ಒಂದು ತಿಂಗಳು, ಆ ತಿಂಗಳ ಬೇರೆ ಬೇರೆ ಕಾಗದಗಳು. ಅವನ್ನು ಪಕ್ಕಪಕ್ಕ ಇಟ್ಟು ಓದಬೇಕು. ನಾನು ಯಾರಿಗೇ ಆದರೂ ಇದನ್ನೇ ಹೇಳುವುದು.

ಮೊದಲು ಹಿಂಬರಹದ ವಿಷಯ ಮುಗಿಸಿಬಿಡೋಣ. ಮಾಹಿತಿ ಹಕ್ಕು ಕಾಯ್ದೆ 2005ರ ಕಲಂ 2(ಎಫ್) 'ಮಾಹಿತಿ' ಎಂದರೆ ಏನೇನು ಎಂದು ಪಟ್ಟಿ ಕೊಡುತ್ತದೆ. ದಾಖಲೆ, ಸುತ್ತೋಲೆ, ಆದೇಶ, ಕರಾರು, ವರದಿ ಇವುಗಳ ಸಾಲಿನಲ್ಲೇ ಲಾಗ್ ಬುಕ್, ಅಂದರೆ ದಿನದಿನದ ಓಡಾಟ ಬರೆದಿಡುವ ಪುಸ್ತಕ ಕೂಡ ಇದೆ. ಕಾಯ್ದೆ ಬರೆದವರೇ ಹೆಸರು ಹಿಡಿದು ಸೇರಿಸಿದ್ದಾರೆ. ಹಾಗಾಗಿ ಇದು ಮಾಹಿತಿಯೇ ಅಲ್ಲ ಎನ್ನಲು ಬರುವುದಿಲ್ಲ.

'ಮೂರನೇ ವ್ಯಕ್ತಿ' ಎನ್ನುವುದು ಕಚೇರಿಗಳಲ್ಲಿ ಸುಮ್ನೆ ಬರೆದುಬಿಡುವ ಮಾತು. ಮೂರನೇ ವ್ಯಕ್ತಿ ಕೊಟ್ಟ, ಗೋಪ್ಯ ಎಂದು ಇಟ್ಟುಕೊಂಡ ಮಾಹಿತಿ ಆಗಿದ್ದರೆ ಕಲಂ 11ರ ಪ್ರಕಾರ ಮಾಹಿತಿ ಅಧಿಕಾರಿ 5 ದಿನದೊಳಗೆ ಆ ವ್ಯಕ್ತಿಗೆ ನೋಟಿಸ್ ಕೊಡಬೇಕು, ಅವರ ಅಭಿಪ್ರಾಯ ಕೇಳಬೇಕು, ಆಮೇಲೆ ತಾವೇ ತೀರ್ಮಾನ ಮಾಡಬೇಕು. ನೋಟಿಸೂ ಇಲ್ಲ, ವಿಚಾರಣೆಯೂ ಇಲ್ಲ, ನೇರ ತಿರಸ್ಕಾರ ಎಂದರೆ ಅದು ನಿಲ್ಲುವುದಿಲ್ಲ. ಅಷ್ಟಕ್ಕೂ ಸರ್ಕಾರಿ ಜೀಪಿನ ಮೀಟರ್ ಯಾರ ಖಾಸಗಿ ಸ್ವತ್ತು?

ಇಲ್ಲಿ ಒಂದು ಹೊಸ ಬದಲಾವಣೆ ಗೊತ್ತಿರಲಿ. ವೈಯಕ್ತಿಕ ಮಾಹಿತಿಗೆ ವಿನಾಯಿತಿ ಕೊಡುವ ಕಲಂ 8(1)(ಜೆ) ಮೊದಲು ಉದ್ದವಾಗಿತ್ತು. ಸಾರ್ವಜನಿಕ ಕೆಲಸಕ್ಕೆ ಸಂಬಂಧವೇ ಇಲ್ಲದ ವೈಯಕ್ತಿಕ ಮಾಹಿತಿಯನ್ನು ಮಾತ್ರ ತಡೆಹಿಡಿಯಬಹುದು ಎಂಬ ಅರ್ಥ ಅದಕ್ಕಿತ್ತು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023 ಅದನ್ನು ಕತ್ತರಿಸಿ 'ವೈಯಕ್ತಿಕ ಮಾಹಿತಿ' ಎಂದಷ್ಟೇ ಉಳಿಸಿತು. ಆ ತಿದ್ದುಪಡಿ 2025ರ ನವೆಂಬರ್‌ನಲ್ಲಿ ಜಾರಿಗೆ ಬಂತು. ನನ್ನ ಪ್ರಕಾರ ಇದು ಕೆಟ್ಟ ತಿದ್ದುಪಡಿ. ಮಾಹಿತಿ ಅಧಿಕಾರಿಗಳಿಗೆ ಒಂದು ಸಾಲಿನಲ್ಲಿ ಅರ್ಜಿ ಮುಚ್ಚಿಹಾಕಲು ದಾರಿ ಸಿಕ್ಕಿದೆ. ಆದರೆ ಎರಡು ಕಲಂ ಹಾಗೇ ಉಳಿದಿವೆ. ಒಂದು 8(2): ತಡೆಹಿಡಿಯುವುದಕ್ಕಿಂತ ಕೊಡುವುದರಲ್ಲಿ ಸಾರ್ವಜನಿಕ ಹಿತ ಹೆಚ್ಚಿದ್ದರೆ ವಿನಾಯಿತಿ ಇದ್ದರೂ ಕೊಡಬಹುದು. ಇನ್ನೊಂದು ಕಲಂ 10: ಕೊಡಬಾರದ ಭಾಗವನ್ನು ಮುಚ್ಚಿ ಉಳಿದದ್ದನ್ನು ಕೊಡಬೇಕು. ಡ್ರೈವರ್ ಫೋನ್ ನಂಬರ್ ಮೇಲೆ ಕಪ್ಪು ಗೆರೆ ಎಳೆದು ಲಾಗ್ ಬುಕ್ ಪ್ರತಿ ಕೊಡಲಿ. ನಮಗೂ ಆ ನಂಬರ್ ಬೇಡ.

'ಅಗಾಧ' ಎಂಬ ಕಾರಣಕ್ಕೆ ಸ್ವಲ್ಪ ಹುರುಳಿದೆ. ಕಲಂ 7(9) ಮಾಹಿತಿ ನಿರಾಕರಿಸಲು ಅಧಿಕಾರ ಕೊಡುವುದಿಲ್ಲ. ಕೇಳಿದ ರೂಪದಲ್ಲಿ ಕೊಡಲು ಕಚೇರಿಯ ಶಕ್ತಿಯೆಲ್ಲ ಖರ್ಚಾಗುವುದಾದರೆ ಬೇರೆ ರೂಪದಲ್ಲಿ ಕೊಡಬಹುದು ಎನ್ನುತ್ತದೆ, ಅಷ್ಟೇ. "ಬಂದು ಪರಿಶೀಲಿಸಿ" ಎಂದು ಕರೆಯಬಹುದಿತ್ತು. ಆದರೆ 2011ರಲ್ಲಿ ಸಿಬಿಎಸ್‌ಇ ಮತ್ತು ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎರಡು ಮಾತು ಹೇಳಿತು. ಕಚೇರಿಯಲ್ಲಿ ಇರುವ ದಾಖಲೆ ಕೊಟ್ಟರೆ ಸಾಕು, ಹೊಸದಾಗಿ ಪಟ್ಟಿ ಮಾಡಿ, ಕೂಡಿಸಿ ಕಳೆದು ಕೊಡಬೇಕಿಲ್ಲ. ಮತ್ತೆ, ಗೊತ್ತುಗುರಿ ಇಲ್ಲದೆ ಎಲ್ಲವನ್ನೂ ಕೇಳಿ ಕಚೇರಿಯ ಕೆಲಸ ನಿಲ್ಲಿಸಬಾರದು. ನಿಮ್ಮ 'ಎಲ್ಲ ವಾಹನ, ಎಲ್ಲ ಖರ್ಚು, ಸಂಪೂರ್ಣ ವಿವರ' ಈ ಎರಡಕ್ಕೂ ಸಿಕ್ಕಿಬೀಳುತ್ತದೆ. 'ಯಾಕೆ ಬಳಸಿದಿರಿ' ಎಂಬ ಪ್ರಶ್ನೆ ಮಾಹಿತಿ ಹಕ್ಕಿನ ವ್ಯಾಪ್ತಿಗೇ ಬರುವುದಿಲ್ಲ. ಅದಕ್ಕೆ ಉತ್ತರ ಯಾವ ಕಡತದಲ್ಲೂ ಇರುವುದಿಲ್ಲ.

ಹಿಂಬರಹ ಕೈಗೆ ಬಂದ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಬಹುದು. ನಿಮಗೆ ಇನ್ನೂ 18 ದಿನ ಇದೆ. ಹಾಕಿ, ಬಿಡಬೇಡಿ. ಆದರೆ ಅದರ ಮೇಲೇ ಕೂರಬೇಡಿ. ಮೊದಲ ಮೇಲ್ಮನವಿ ಹೆಚ್ಚೆಂದರೆ 45 ದಿನದಲ್ಲಿ ತೀರ್ಮಾನ ಆಗಬೇಕು. ಅಲ್ಲೂ ಸೋತರೆ 90 ದಿನದೊಳಗೆ ಬೆಂಗಳೂರಿನ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೆಯದು, ಅಲ್ಲಿ ರಾಶಿ ರಾಶಿ ಪ್ರಕರಣ ಬಿದ್ದಿವೆ. ಅಷ್ಟರಲ್ಲಿ ಅಧಿಕಾರಿ ವರ್ಗಾವಣೆ ಆಗಿರುತ್ತಾರೆ, ಜೀಪು ಗುಜರಿಗೆ ಹೋಗಿರುತ್ತದೆ. ಹತ್ತು ರೂಪಾಯಿ ಕಟ್ಟಿ ಹೊಸ ಅರ್ಜಿ ಹಾಕುವುದು ಬೇಗ ಆಗುವ ದಾರಿ.

ಹೊಸ ಅರ್ಜಿ ಚಿಕ್ಕದಾಗಿರಬೇಕು. ಕರ್ನಾಟಕದ ನಿಯಮಕ್ಕೆ 2008ರಲ್ಲಿ ಆದ ತಿದ್ದುಪಡಿಯ ಪ್ರಕಾರ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಈ ನಿಯಮವನ್ನು ಹೋರಾಟಗಾರರು ಬೈಯುತ್ತಲೇ ಬಂದಿದ್ದಾರೆ. ವಾಹನದ ವಿಷಯದಲ್ಲಿ ಮಾತ್ರ ಅದರಿಂದ ನಮಗೇ ಅನುಕೂಲ. ಅರ್ಜಿಯ ನಮೂನೆ 'ಎ'ನಲ್ಲಿ ಹೀಗೆ ಬರೆಯಿರಿ:

"ನಿಮ್ಮ ಕಚೇರಿಯ ಇಂಥ ನೋಂದಣಿ ಸಂಖ್ಯೆಯ ವಾಹನಕ್ಕೆ ಸಂಬಂಧಿಸಿದ, ಇಂಥ ತಿಂಗಳ 1ನೇ ತಾರೀಕಿನಿಂದ ಕೊನೆಯ ತಾರೀಕಿನವರೆಗಿನ ಈ ದಾಖಲೆಗಳ ದೃಢೀಕೃತ ಪ್ರತಿ ಕೊಡಿ: ಲಾಗ್ ಬುಕ್ ಪುಟಗಳು, ಇಂಧನದ ಇಂಡೆಂಟ್ (ಬೇಡಿಕೆ ಚೀಟಿ), ಬಂಕ್ ಬಿಲ್ಲು ಮತ್ತು ವೋಚರ್, ದುರಸ್ತಿ ಆಗಿದ್ದರೆ ಅದರ ಬಿಲ್ಲು, ವಾಹನ ಬಳಸುವ ಅಧಿಕಾರಿಯ ಅದೇ ತಿಂಗಳ ಪ್ರವಾಸ ದಿನಚರಿ, ಈ ವಾಹನದ ಬಳಕೆಗೆ ಅನ್ವಯಿಸುವ ಆದೇಶ ಅಥವಾ ಸುತ್ತೋಲೆ. ಪ್ರತಿ ಪಡೆಯುವ ಮೊದಲು ಮೂಲ ದಾಖಲೆಗಳನ್ನು ಕಲಂ 2(ಜೆ) ಪ್ರಕಾರ ಪರಿಶೀಲಿಸಲು ದಿನ ಮತ್ತು ಸಮಯ ತಿಳಿಸಿ."

ಮುಗಿಯಿತು. ಯಾಕೆ ಬೇಕು ಎಂದು ಬರೆಯಬೇಡಿ. ಕಲಂ 6(2)ರ ಪ್ರಕಾರ ಕಾರಣ ಕೇಳುವ ಹಾಗೇ ಇಲ್ಲ. ಮದುವೆ ಛತ್ರ, ಭಾನುವಾರ ಎಂದೆಲ್ಲ ಬರೆದರೆ ಯಾವ ಪುಟ ಸರಿಮಾಡಬೇಕು ಎಂದು ನೀವೇ ಹೇಳಿಕೊಟ್ಟ ಹಾಗಾಗುತ್ತದೆ. ನೀವು ಕಣ್ಣಾರೆ ಕಂಡ ಭಾನುವಾರಗಳಿರುವ ತಿಂಗಳನ್ನೇ ಆರಿಸಿಕೊಳ್ಳಿ. ಫೋಟೊ ಇದ್ದರೆ ನಿಮ್ಮ ಹತ್ತಿರವೇ ಇರಲಿ. ಪ್ರವಾಸ ಭತ್ಯೆ ಬಿಲ್ಲನ್ನು ಬೇರೆ ಅರ್ಜಿಯಲ್ಲಿ ಕೇಳಿ. ಅದನ್ನು ವೈಯಕ್ತಿಕ ಎಂದು ತಿರಸ್ಕರಿಸುವ ಸಾಧ್ಯತೆ ಜಾಸ್ತಿ, ಅದರ ಜೊತೆ ಲಾಗ್ ಬುಕ್ ಕೂಡ ಹೋಗುವುದು ಬೇಡ.

ಪರಿಶೀಲನೆಯ ಸಾಲನ್ನು ಬಿಡಲೇಬೇಡಿ. ಎ4 ಹಾಳೆಗೆ 2 ರೂಪಾಯಿಯಂತೆ ಬರುವ ಜೆರಾಕ್ಸ್‌ನಲ್ಲಿ ಕಾಣದ್ದು ಮೂಲ ಪುಸ್ತಕದಲ್ಲಿ ಕಾಣುತ್ತದೆ. ಇಡೀ ತಿಂಗಳು ಒಂದೇ ಪೆನ್ನಿನಲ್ಲಿ, ಒಂದೇ ಕೂತಲ್ಲಿ ಬರೆದಿದ್ದಾರಾ? ವೈಟ್ನರ್ ಇದೆಯಾ? ಪುಟ ಸಂಖ್ಯೆ ಹಾರಿದೆಯಾ? ಅಧಿಕಾರಿಯ ಸಹಿ ದಿನದಿನಕ್ಕೆ ಇದೆಯಾ, ತಿಂಗಳ ಕೊನೆಗೆ ಒಂದೇ ಸಲ ಗೀಚಿದ್ದಾ?

ಈಗ ಓದುವುದು ಹೇಗೆ ಎನ್ನುವುದು. ಉದಾಹರಣೆಗೆ ಲಾಗ್ ಬುಕ್‌ನ ಒಂದು ಸಾಲು ಹೀಗಿದೆ ಅಂದುಕೊಳ್ಳಿ: ಹೊರಟಿದ್ದು ಬೆಳಗ್ಗೆ 10 ಗಂಟೆ, ಮೀಟರ್ 84,210. "ಕಚೇರಿಯಿಂದ ಸ್ಥಳ ಪರಿಶೀಲನೆ ಹಾಗೂ ವಾಪಸ್." ಬಂದಾಗ ಮೀಟರ್ 84,358. ಅಂದರೆ 148 ಕಿ.ಮೀ. ಯಾವ ಊರಿನ ಸ್ಥಳ? ಬರೆದಿಲ್ಲ. ತಾಲ್ಲೂಕಿನ ಗಡಿ ಕಚೇರಿಯಿಂದ 30 ಕಿ.ಮೀ. ದೂರ ಇದ್ದರೆ 148 ಎಲ್ಲಿಂದ ಬಂತು? ಅದೇ ದಿನದ ಪ್ರವಾಸ ದಿನಚರಿ ತೆಗೆಯಿರಿ. ಅಲ್ಲಿ 'ಕಚೇರಿ ಕೆಲಸ, ಸಭೆ' ಎಂದಿದ್ದರೆ ಆ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆಯಿರಿ. ಆಮೇಲೆ ಬಂಕ್ ಬಿಲ್ಲು. ಕಂಪ್ಯೂಟರ್ ಬಿಲ್ಲಾಗಿದ್ದರೆ ಸಮಯವೂ ಇರುತ್ತದೆ. ರಾತ್ರಿ 9ಕ್ಕೆ ಡೀಸೆಲ್ ಹಾಕಿಸಿದ ಗಾಡಿ ಲಾಗ್ ಬುಕ್ ಪ್ರಕಾರ ಸಂಜೆ 6ಕ್ಕೇ ಶೆಡ್ ಸೇರಿದೆಯಾ? 60 ಲೀಟರ್ ಟ್ಯಾಂಕಿಗೆ ಒಂದೇ ಸಲ 72 ಲೀಟರ್ ಬಿಲ್ಲು ಇದೆಯಾ? ಗಾಡಿ ನಂಬರ್ ಬಿಲ್ಲಿನಲ್ಲಿ ಪ್ರಿಂಟ್ ಆಗಿದೆಯಾ, ಆಮೇಲೆ ಕೈಯಲ್ಲಿ ಬರೆದಿದ್ದಾ? ಲೀಟರಿಗೆ ಎಷ್ಟು ಕಿ.ಮೀ. ಎಂದು ಲೆಕ್ಕ ಹಾಕಿ. ಪ್ರತಿ ತಿಂಗಳೂ ಕರೆಕ್ಟಾಗಿ ಹತ್ತೇ ಬರುತ್ತಿದ್ದರೆ, ಅಂಥ ಮೈಲೇಜನ್ನು ಇಂಜಿನ್ ಕೊಡುವುದಿಲ್ಲ, ಪೆನ್ನು ಕೊಡುತ್ತದೆ.

ದುರಸ್ತಿ ಬಿಲ್ಲು ಇನ್ನೂ ಒಳ್ಳೆ ಸಾಕ್ಷಿ. ಕ್ಲಚ್ ಪ್ಲೇಟ್ ಬದಲಿಸಲು ಗಾಡಿ ಗ್ಯಾರೇಜಿನಲ್ಲಿದ್ದ ದಿನಗಳಲ್ಲೇ ಲಾಗ್ ಬುಕ್‌ನಲ್ಲಿ ಓಡಾಟ ಇದೆಯಾ ನೋಡಿ. ಹೊಸ ಟೈರಿನ ಬಿಲ್ಲಿನಲ್ಲಿ ಟೈರಿನ ಸೀರಿಯಲ್ ನಂಬರ್ ಇದ್ದರೆ ಅದು ಗಾಡಿಯ ಕೆಳಗೆ ಇರಲೇಬೇಕು. ಹಳೇ ಟೈರು, ಬ್ಯಾಟರಿ ಸ್ಟೋರಿಗೆ ವಾಪಸ್ ಬಂತಾ, ಹರಾಜಾಯಿತಾ ಎನ್ನುವುದಕ್ಕೂ ರಿಜಿಸ್ಟರ್ ಇರಬೇಕು.

ಬಾಡಿಗೆ ಗಾಡಿಯ ಲೆಕ್ಕ ಬೇರೆ. ಕರ್ನಾಟಕದಲ್ಲಿ ನೋಂದಣಿ ಸಂಖ್ಯೆಯಲ್ಲಿ 'ಜಿ' ಸರಣಿ ಇದ್ದರೆ ಅದು ಸರ್ಕಾರದ್ದೇ ಗಾಡಿ. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಿಸಬಾರದು ಎಂಬ ಕೇಂದ್ರದ ನಿಯಮ 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಮೇಲೆ ಹಳೇ ಜೀಪುಗಳು ಮೂಲೆ ಸೇರಿವೆ, ಕಚೇರಿಗಳು ಏಜೆನ್ಸಿಯಿಂದ ತಿಂಗಳ ಬಾಡಿಗೆಗೆ ಕಾರು ಪಡೆಯುತ್ತಿವೆ. ಇಲ್ಲಿ ಡೀಸೆಲ್ ಬಿಲ್ಲು ಕೇಳಿ ಪ್ರಯೋಜನ ಕಡಿಮೆ, ಅದು ಏಜೆನ್ಸಿಯ ಜವಾಬ್ದಾರಿ ಆಗಿರಬಹುದು. ಟೆಂಡರ್ ಕಡತ, ಕರಾರು ಪತ್ರ, ಆ ತಿಂಗಳ ಏಜೆನ್ಸಿ ಬಿಲ್ಲು ಮತ್ತು ಅದರ ಜೊತೆಗಿನ ಲಾಗ್ ಶೀಟ್ ಕೇಳಿ. ಕರಾರಿನಲ್ಲಿ ತಿಂಗಳಿಗೆ ಇಷ್ಟು ಕಿ.ಮೀ., ಅದಕ್ಕಿಂತ ಹೆಚ್ಚಾದರೆ ಕಿ.ಮೀ.ಗೆ ಇಷ್ಟು ಎಂದು ಇರುತ್ತದೆ. ಕಳ್ಳಲೆಕ್ಕ ಆ 'ಹೆಚ್ಚುವರಿ'ಯಲ್ಲಿ ಇರುತ್ತದೆ. ಟೋಲ್ ದಾಟಿ ಹೋಗಿದ್ದರೆ ಫಾಸ್ಟ್ಯಾಗ್ ಸ್ಟೇಟ್‌ಮೆಂಟ್ ಬಿಲ್ಲಿಗೆ ಲಗತ್ತಿಸಿದ್ದಾರಾ ನೋಡಿ.

ಬಿಲ್ಲಿನಲ್ಲಿರುವ ಗಾಡಿ ನಂಬರನ್ನು ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡಿ, ಯಾವ ಬಗೆಯ ವಾಹನ ಎಂದು ತೋರಿಸುತ್ತದೆ. ಟ್ಯಾಕ್ಸಿಯಾಗಿ ನೋಂದಣಿ ಆಗದ ವೈಟ್ ಬೋರ್ಡ್ ಕಾರನ್ನು ಬಾಡಿಗೆಗೆ ಓಡಿಸುವುದೇ ನಿಯಮಕ್ಕೆ ವಿರುದ್ಧ. ಕಾರು ಎಂದು ಬಿಲ್ಲು ಮಾಡಿದ್ದು ಸ್ಕೂಟರ್ ನಂಬರ್ ಆಗಿರುವುದೂ ಉಂಟು. ನಗಬೇಡಿ. ಬಿಹಾರದ ಮೇವು ಹಗರಣ 1996ರಲ್ಲಿ ಹೊರಬಿದ್ದ ಮೇಲೆ ಲೆಕ್ಕಪರಿಶೋಧಕರು ದನ, ಮೇವು ಸಾಗಿಸಿದವು ಎಂದು ಬರೆದಿದ್ದ ವಾಹನಗಳ ನಂಬರ್ ತಾಳೆ ನೋಡಿದರು. ಅದರಲ್ಲಿ ಸ್ಕೂಟರ್, ಮೊಪೆಡ್‌ಗಳ ನಂಬರೂ ಸಿಕ್ಕವು. ಮಧ್ಯಪ್ರದೇಶದ ಪೌಷ್ಟಿಕ ಆಹಾರ ಯೋಜನೆಯಲ್ಲಿ 2022ರಲ್ಲಿ ಲೆಕ್ಕಪರಿಶೋಧಕರು ಹಿಡಿದದ್ದೂ ಇದೇ. ಲಾರಿ ಎಂದು ತೋರಿಸಿದ್ದು ಬೈಕ್, ಆಟೋ ಆಗಿದ್ದವು. ಬಿಹಾರದಲ್ಲಿ ಅವತ್ತು ಲೆಕ್ಕಪರಿಶೋಧಕರು ಮಾಡಿದ ಕೆಲಸವನ್ನು ಇವತ್ತು ನೀವು ಬಸ್ ಸ್ಟ್ಯಾಂಡಿನಲ್ಲಿ ನಿಂತು ಮಾಡಬಹುದು.

ಕಚೇರಿಯವರು ಖರ್ಚೇ ಆಗಿಲ್ಲ ಎಂದರೆ? ರಾಜ್ಯ ಬಜೆಟ್ ಪುಸ್ತಕದಲ್ಲಿ ಸಾರಿಗೆ ವೆಚ್ಚಕ್ಕೆ 195 ಎಂಬ ಉದ್ದೇಶ ಶೀರ್ಷಿಕೆ (ಯಾವ ಖರ್ಚು ಎಂದು ಗುರುತಿಸುವ ಲೆಕ್ಕದ ಸಂಖ್ಯೆ) ಇದೆ. ಆ ಶೀರ್ಷಿಕೆಯಲ್ಲಿ ಕಚೇರಿಗೆ ಬಿಡುಗಡೆಯಾದ ಹಣ, ಖಜಾನೆಯಲ್ಲಿ ಪಾಸಾದ ಬಿಲ್ಲುಗಳ ಪಟ್ಟಿ ಕೇಳಿ. ಕಾರಿನ ಬಾಡಿಗೆಯನ್ನು ಯೋಜನೆಯೊಂದರ ಆಡಳಿತ ವೆಚ್ಚದಲ್ಲಿ ತೋರಿಸಿ ಈ ಶೀರ್ಷಿಕೆಯನ್ನು ತೆಳ್ಳಗಿಡುವುದು ಹಳೇ ಚಾಳಿ.

'ಲಾಗ್ ಬುಕ್ ಲಭ್ಯವಿಲ್ಲ' ಎಂಬ ಉತ್ತರ ಬಂದರೆ ಬೇಜಾರು ಮಾಡಿಕೊಳ್ಳಬೇಡಿ, ಅದೂ ಒಂದು ದಾಖಲೆಯೇ. ಹಾಗಿದ್ದರೆ ಆ ತಿಂಗಳ ಇಂಧನ ಬಿಲ್ಲು ಯಾವ ಆಧಾರದ ಮೇಲೆ ಪಾಸಾಯಿತು? ಕರ್ನಾಟಕ ರಾಜ್ಯ ಸಾರ್ವಜನಿಕ ದಾಖಲೆಗಳ ಕಾಯ್ದೆ 2010 ಇದೆ, ದಾಖಲೆ ಮನಸ್ಸಿಗೆ ಬಂದಂತೆ ಕಳೆಯಲು ಬರುವುದಿಲ್ಲ. ನಾಶ ಮಾಡಿದ್ದರೆ ನಾಶದ ಆದೇಶ, ಕಳೆದಿದ್ದರೆ ಕೊಟ್ಟ ದೂರಿನ ಪ್ರತಿ ಕೇಳಿ. 30 ದಿನ ಕಳೆದರೂ ಉತ್ತರವೇ ಬರದಿದ್ದರೆ ಆಮೇಲೆ ಪ್ರತಿಗಳಿಗೆ ದುಡ್ಡು ಕೇಳುವ ಹಾಗಿಲ್ಲ. ತಡವಾದ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ. ಪ್ರತಿ ಬಾರಿ ಹಾಕುತ್ತದೆ ಎಂದು ಮಾತ್ರ ನಂಬಬೇಡಿ.

ಇನ್ನೊಂದು ಕಡೆಯನ್ನೂ ಹೇಳಬೇಕು. ಭಾನುವಾರ ಓಡಿದ ಜೀಪೆಲ್ಲ ಮದುವೆಗೇ ಓಡಿದ್ದಲ್ಲ. ನೆರೆ, ಚುನಾವಣೆ, ಪರೀಕ್ಷೆ, ಮಂತ್ರಿ ಬಂದಾಗ ಶಿಷ್ಟಾಚಾರದ ಓಡಾಟ, ಇದಕ್ಕೆಲ್ಲ ರಜೆ ಇಲ್ಲ. ದೊಡ್ಡವರ ಬೆಂಗಾವಲಿಗೆ ಹೋಗಿ ಸುಟ್ಟ ಡೀಸೆಲ್ಲನ್ನು ಚಿಕ್ಕ ಕಚೇರಿಯ ಲಾಗ್ ಬುಕ್‌ನಲ್ಲಿ 'ಸ್ಥಳ ಪರಿಶೀಲನೆ' ಎಂದು ಬರೆದು ಸರಿದೂಗಿಸುವುದೂ ನಡೆಯುತ್ತದೆ. ಕೇಂದ್ರ ಸರ್ಕಾರದ ಸ್ಟಾಫ್ ಕಾರ್ ನಿಯಮದಲ್ಲಿ ಹಣ ಕಟ್ಟಿ ಖಾಸಗಿಯಾಗಿ ಬಳಸಲು ಅವಕಾಶವೂ ಇದೆ. ಅದಕ್ಕೇ ಬಳಕೆಯ ಆದೇಶದ ಪ್ರತಿಯನ್ನು ಅರ್ಜಿಯಲ್ಲಿ ಸೇರಿಸಲು ಹೇಳಿದ್ದು. ಮೊದಲು ಅದನ್ನು ಓದಿ, ಆಮೇಲೆ ತೀರ್ಪು ಕೊಡಿ. ಡ್ರೈವರ್ ಹೆಸರನ್ನಂತೂ ಎಳೆದು ತರಬೇಡಿ. ಅವನು ಹೊರಗುತ್ತಿಗೆಯವನಾಗಿದ್ದರೆ ಮೊದಲು ಕೆಲಸ ಹೋಗುವುದು ಅವನದು, ಪುಸ್ತಕ ಬರೆಸಿದವರದಲ್ಲ.

ಊರು ಚಿಕ್ಕದು, ಎಲ್ಲರಿಗೂ ಎಲ್ಲರೂ ಗೊತ್ತು ಎಂಬ ಅಳುಕು ಇದ್ದರೆ ರಾಜ್ಯ ಸರ್ಕಾರದ ಆನ್‌ಲೈನ್ ಪೋರ್ಟಲ್‌ನಲ್ಲಿ ಹಾಕಿ. ಪೋಸ್ಟ್ ಬಾಕ್ಸ್ ನಂಬರ್ ಕೊಟ್ಟರೆ ಸಾಕು, ಮನೆ ವಿಳಾಸಕ್ಕೆ ಒತ್ತಾಯ ಬೇಡ ಎಂದು 2013ರಲ್ಲಿ ಕೋಲ್ಕತ್ತಾ ಹೈಕೋರ್ಟ್ ಹೇಳಿದೆ.

ಕಾಗದ ಕೈಗೆ ಬಂದ ಮೇಲೆ ಮಾಹಿತಿ ಹಕ್ಕಿನ ಕೆಲಸ ಮುಗಿಯಿತು. ಮಾಹಿತಿ ಆಯೋಗ ಡೀಸೆಲ್ ಕದ್ದವರನ್ನು ಶಿಕ್ಷಿಸುವುದಿಲ್ಲ. ತಾಳೆಯಾಗದ ದಿನಗಳನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿಗಳನ್ನು ಲಗತ್ತಿಸಿ ಮೇಲಧಿಕಾರಿಗೆ ಕೊಡಿ. ಅಲ್ಲಿ ಕದಲದಿದ್ದರೆ ಲೋಕಾಯುಕ್ತ. ಅದಕ್ಕೆ ನಿಗದಿತ ನಮೂನೆಯಲ್ಲಿ ದೂರು, ಜೊತೆಗೆ ಪ್ರಮಾಣಪತ್ರ ಬೇಕು. ಸುಳ್ಳು ದೂರಿಗೆ ಶಿಕ್ಷೆ ಇದೆ, ಹಾಗಾಗಿ ಕಾಗದದಲ್ಲಿ ಇರುವುದನ್ನಷ್ಟೇ ಬರೆಯಿರಿ.

ಮಂತ್ರಿಗಳ ಕಾರಿನ ಬಗ್ಗೆ: ಕೇಳಬಹುದು. ಆ ಕಾರುಗಳ ವ್ಯವಸ್ಥೆ ನೋಡುವುದು ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆ, ಅರ್ಜಿ ಅಲ್ಲಿಗೇ ಹಾಕಿ. ತಪ್ಪಿ ಬೇರೆ ಕಚೇರಿಗೆ ಹಾಕಿದರೂ ಕಲಂ 6(3)ರ ಪ್ರಕಾರ 5 ದಿನದಲ್ಲಿ ಅವರು ವರ್ಗಾಯಿಸಬೇಕು. ಇಲ್ಲಿ ದಿನದಿನದ ಓಡಾಟ ಕೇಳಿದರೆ ಭದ್ರತೆಯ ಕಾರಣ ಕೊಟ್ಟು 8(1)(ಜಿ) ತೋರಿಸುತ್ತಾರೆ. ಪ್ರಧಾನಿಯ ವಿಮಾನ ಪ್ರಯಾಣದ ವಿವರ ಕೊಡಿ ಎಂದು 2020ರಲ್ಲಿ ಕೇಂದ್ರ ಮಾಹಿತಿ ಆಯೋಗ ಹೇಳಿದಾಗ ವಾಯುಪಡೆ ಭದ್ರತೆಯ ಕಾರಣ ಕೊಟ್ಟೇ ದೆಹಲಿ ಹೈಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದಿತ್ತು. ಓಡಾಟ ಬಿಡಿ, ಖರೀದಿ ಕೇಳಿ. 2023ರ ಆಗಸ್ಟ್‌ನಲ್ಲಿ ರಾಜ್ಯದ ಮಂತ್ರಿಗಳಿಗೆ 33 ಇನೋವಾ ಹೈಕ್ರಾಸ್ ಕೊಳ್ಳಲು 9.9 ಕೋಟಿ ರೂಪಾಯಿ ಮಂಜೂರಾಯಿತು, ಒಂದಕ್ಕೆ 30 ಲಕ್ಷ. ಇಂಥ ಖರೀದಿಯಲ್ಲಿ ಕೇಳಬೇಕಾದ್ದು ಆರ್ಥಿಕ ಇಲಾಖೆಯ ಸಹಮತಿ ಇರುವ ಟಿಪ್ಪಣಿ ಹಾಳೆ. ಟೆಂಡರ್ ಕರೆಯದೆ ಕೊಂಡಿದ್ದರೆ ಸರ್ಕಾರಿ ಖರೀದಿಯ ಪಾರದರ್ಶಕತೆ ಕಾಯ್ದೆಯ 4(ಜಿ) ವಿನಾಯಿತಿ ಆದೇಶದ ಪ್ರತಿ. ಜೊತೆಗೆ, ಹೊಸದು ಬಂದ ಮೇಲೆ ಬಿಟ್ಟುಕೊಟ್ಟ ಹಳೇ ಕಾರುಗಳ ನೋಂದಣಿ ಸಂಖ್ಯೆ, ಅವತ್ತಿನ ಮೀಟರ್ ಓದು, ಈಗ ಅವು ಯಾವ ಕಚೇರಿಯಲ್ಲಿವೆ ಎಂಬ ಹಂಚಿಕೆ ಆದೇಶ. ಹೊಸ ಕಾರಿನ ಬೆಲೆ ಪೇಪರಿನಲ್ಲಿ ಬರುತ್ತದೆ, ಈ ಕೊನೆಯದನ್ನು ಕೇಳುವವರು ಕಡಿಮೆ.